ಬಚ್ಚಲಿನ ಬಿಸಿನೀರು ಮತ್ತು ಗೋಡೆಯೊಳಗಿನ ಪೈಪು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಗಳಲ್ಲಿ ಹೊಸ ಮನೆ ಕಟ್ಟುವವರೂ ಹಳೆಯ ಮನೆಗೆ ಒಳಬಚ್ಚಲು ಸೇರಿಸುವವರೂ ಬಿಸಿನೀರಿನ ವಿಚಾರ ಬಂದಾಗ ಮೊದಲು ಕೇಳುವುದು ಯಾವ ಗೀಸರ್ ಒಳ್ಳೆಯದು, ಸೋಲಾರ್ ಹಾಕಿಸಿದರೆ ಮಳೆಗಾಲಕ್ಕೆ ಗತಿಯೇನು ಎಂಬ ಪ್ರಶ್ನೆಗಳನ್ನು. ಪೈಪಿನ ಮಾತು ಕೊನೆಗೆ ಬರುತ್ತದೆ. ಹಲವು ಮನೆಗಳಲ್ಲಿ ಬರುವುದೇ ಇಲ್ಲ. ನನ್ನ ಮಟ್ಟಿಗೆ ಈ ಕ್ರಮ ತಲೆಕೆಳಗಾಗಿದೆ. ಗೀಸರ್ ಕೆಟ್ಟರೆ ಒಂದು ಮಧ್ಯಾಹ್ನದಲ್ಲಿ ಇಳಿಸಿ ಬೇರೆಯದನ್ನು ಏರಿಸಬಹುದು. ಆದರೆ ಮುರಕಲ್ಲಿನ ಗೋಡೆ ಕೊರೆದು, ಮೇಲೆ ಗಾರೆ ಬಳಿದು, ಟೈಲ್ಸ್ ಹಚ್ಚಿ ಮುಚ್ಚಿದ ಪೈಪು ಆ ಮನೆಯಲ್ಲಿ ಒಂದು ತಲೆಮಾರು ಉಳಿಯುತ್ತದೆ, ಮತ್ತು ಉಳಿದಷ್ಟು ಕಾಲವೂ ನಮ್ಮ ಸೌದೆಯಿಂದಲೋ ವಿದ್ಯುತ್ತಿನಿಂದಲೋ ಬಂದ ಶಾಖದಲ್ಲಿ ತನ್ನ ಪಾಲನ್ನು ಪ್ರತಿದಿನ ತೆಗೆದುಕೊಳ್ಳುತ್ತಲೇ ಇರುತ್ತದೆ. ಆ ಪಾಲು ಎಷ್ಟು ದೊಡ್ಡದೆಂಬುದನ್ನು ಲೆಕ್ಕ ಹಾಕಿ ನೋಡಿದವರು ಕಡಿಮೆ.

ಲೆಕ್ಕ ಕಷ್ಟದ್ದೇನಲ್ಲ. ನಮ್ಮ ಬಾವಿಯ ನೀರು ಸಾಧಾರಣವಾಗಿ 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಮೀಯುವುದಕ್ಕೆ ಹಿತವಾದ ಬಿಸಿ 42 ಡಿಗ್ರಿ ಎಂದು ಇಟ್ಟುಕೊಂಡರೆ, 20 ಲೀಟರಿನ ಒಂದು ಬಾಲ್ದಿ ನೀರನ್ನು 15 ಡಿಗ್ರಿಯಷ್ಟು ಏರಿಸಬೇಕಾಗುತ್ತದೆ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 4.2 ಕಿಲೋಜೂಲ್ ಶಾಖ ಬೇಕು. ಹಾಗಾಗಿ ಒಂದು ಬಾಲ್ದಿಗೆ 1,260 ಕಿಲೋಜೂಲ್, ವಿದ್ಯುತ್ತಿನ ಭಾಷೆಯಲ್ಲಿ ಸುಮಾರು 0.35 ಯೂನಿಟ್. ಮುಂದೆ ಬರುವ ನಷ್ಟಗಳನ್ನೆಲ್ಲ ಈ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕೆಂದು ಓದುಗರಲ್ಲಿ ವಿನಂತಿ.

ನಮ್ಮ ಹಿರಿಯರ ಅಬ್ಬಿಕೊಟ್ಟಗೆಯಲ್ಲಿ ಪೈಪಿನ ನಷ್ಟವೆಂಬುದೇ ಇರಲಿಲ್ಲ. ಒಲೆ, ಹಂಡೆ, ಮೀಯುವ ಕಲ್ಲು ಎಲ್ಲವೂ ಒಂದೇ ಮಾಡಿನ ಕೆಳಗೆ. ಬಿಸಿನೀರು ಹಂಡೆಯಿಂದ ಚೆಂಬಿನಲ್ಲಿ ಬಾಲ್ದಿಗೆ ಬಂದರೆ ಅದರ ಪ್ರಯಾಣ ಮುಗಿಯಿತು. ಅಲ್ಲಿ ನಷ್ಟವಾಗುತ್ತಿದ್ದುದು ಬೆಂಕಿಯಲ್ಲಿ. 60 ಲೀಟರಿನ ಹಂಡೆಯ ನೀರನ್ನು 27ರಿಂದ 60 ಡಿಗ್ರಿಗೆ ಏರಿಸಲು ಬೇಕಾಗುವುದು 8.3 ಮೆಗಾಜೂಲ್; ಅಷ್ಟು ನೀರಿಗೆ ತಣ್ಣೀರು ಬೆರೆಸಿದರೆ ಆರು ಬಾಲ್ದಿಯಾಗುತ್ತದೆ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 15 ಮೆಗಾಜೂಲ್ ಇರುತ್ತದಾದ್ದರಿಂದ ತಾತ್ತ್ವಿಕವಾಗಿ ಅರ್ಧ ಕಿಲೋಗಿಂತ ತುಸು ಹೆಚ್ಚು ಸೌದೆ ಸಾಕಿತ್ತು. ಆದರೆ ಮೂರು ಕಲ್ಲಿನ ತೆರೆದ ಒಲೆಯಲ್ಲಿ ಪಾತ್ರೆಗೆ ಸೇರುವುದು ಬೆಂಕಿಯ ಶೇ. 10ರಿಂದ 15ರಷ್ಟು ಪಾಲು ಮಾತ್ರ. ಶೇ. 15 ಎಂದುಕೊಂಡರೂ 3.7 ಕಿಲೋ ಒಣಸೌದೆ ಬೇಕು. ಆಗತಾನೇ ಕಡಿದ ಹಸಿ ಸೌದೆಯಲ್ಲಿ ತೂಕದ ಅರ್ಧದಷ್ಟು ನೀರೇ ಇರುತ್ತದೆ. ಆ ನೀರನ್ನು ಆವಿಯಾಗಿಸುವುದಕ್ಕೂ ಬೆಂಕಿಯೇ ಖರ್ಚಾಗಿ, ಕಿಲೋಗೆ ಉಳಿಯುವುದು 8 ಮೆಗಾಜೂಲ್ ಆಸುಪಾಸು. ಅದೇ ಹಂಡೆಗೆ ಆಗ 7 ಕಿಲೋ ಹತ್ತಿರ ಸೌದೆ ಬೇಕಾಗುತ್ತದೆ, ಹೊಗೆ ಬೇರೆ. ಮಳೆ ಹಿಡಿಯುವ ಮೊದಲೇ ಸೌದೆ, ಮಡಲು, ಗೆರಟೆ, ಅಡಿಕೆ ಸಿಪ್ಪೆಗಳನ್ನು ಕೊಟ್ಟಗೆಯ ಅಟ್ಟಕ್ಕೆ ಸೇರಿಸಿಬಿಡುತ್ತಿದ್ದ ಹಿರಿಯರ ಕ್ರಮ ಸೌದೆಯ ಲೆಕ್ಕವನ್ನು ಅರ್ಧಕ್ಕೆ ಇಳಿಸುತ್ತಿತ್ತು. ಈಗಿನ ಎಷ್ಟೋ ತೋಟದ ಮನೆಗಳಲ್ಲಿ ಟಾರ್ಪಾಲಿನಡಿ ಬಿದ್ದು ಆಟಿ ತಿಂಗಳಿಗೆ ಬೂಸ್ಟು ಹಿಡಿಯುವ ಸೌದೆಯನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಒಲೆಯನ್ನು ಸುಧಾರಿಸಲು ಸಾಧ್ಯವೆಂಬುದೂ ಹೊಸ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ ಅಸ್ತ್ರ ವಿಭಾಗದವರು ರೂಪಿಸಿದ ಅಸ್ತ್ರ ಒಲೆ ಹೆಸರಾಗಿರುವುದು ಅಡುಗೆಮನೆಯಲ್ಲಾದರೂ ಅದರ ತತ್ತ್ವಗಳು ಬಚ್ಚಲೊಲೆಗೂ ಸಲ್ಲುತ್ತವೆ: ಬೆಂಕಿಗೆ ಮುಚ್ಚಿದ ಗೂಡು, ಸೌದೆಗೆ ಕೆಳಗಿನಿಂದ ಗಾಳಿ ಕೊಡುವ ಕಬ್ಬಿಣದ ಜಾಲಿ, ಬಿಸಿ ಹೊಗೆಯು ಪಾತ್ರೆಯ ತಳಕ್ಕೂ ಮೈಗೂ ತಾಗಿಕೊಂಡು ಸಾಗುವ ಇಕ್ಕಟ್ಟಾದ ದಾರಿ, ಕೊನೆಗೆ ಹೊಗೆಯನ್ನು ಎಳೆಯುವ ಕೊಳವೆ. ಇಷ್ಟನ್ನು ಸರಿಯಾಗಿ ಕಟ್ಟಿದರೆ ತೆರೆದ ಒಲೆಯ ಅರ್ಧ ಸೌದೆಯಲ್ಲಿ ಅದೇ ಹಂಡೆ ಕಾಯುತ್ತದೆ. ಹಂಡೆ ತಾಮ್ರದ್ದೇ ಆಗಬೇಕು, ಅದು ಬೇಗ ಕಾಯುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಶಾಖಕ್ಕೆ ನಿಜವಾದ ತಡೆ ಇರುವುದು ಹೊಗೆಗೂ ಲೋಹಕ್ಕೂ ನಡುವಿನ ಗಾಳಿಯ ಪದರದಲ್ಲಿ ಮತ್ತು ತಳಕ್ಕೆ ಹಿಡಿದ ಮಸಿಯಲ್ಲಿ. ಲೋಹದ ದಪ್ಪವನ್ನು ದಾಟುವುದು ಶಾಖಕ್ಕೆ ಕಷ್ಟವೇ ಅಲ್ಲ. ತಾಮ್ರವೋ ಸ್ಟೀಲೋ ಎಂದು ಚರ್ಚಿಸುವ ಬದಲು ತಳದ ಮಸಿಯನ್ನು ಆಗಾಗ ಉಜ್ಜಿ ತೆಗೆಯುವುದು ಹೆಚ್ಚು ಪ್ರಯೋಜನದ ಕೆಲಸ.

ಮೀಯುವ ಜಾಗ ಮನೆಯೊಳಗೆ ಬಂದು, ನೀರು ಕಾಯುವ ಜಾಗ ಹೊರಗೋ ತಾರಸಿಯ ಮೇಲೋ ಉಳಿದಾಗ ಪೈಪಿನ ಕಥೆ ಆರಂಭವಾಗುತ್ತದೆ. ನಲ್ಲಿ ತಿರುಗಿಸಿದ ಮೇಲೆ ಬಿಸಿನೀರು ಬರುವವರೆಗೆ ಹರಿದುಹೋಗುವ ತಣ್ಣೀರು ಎಷ್ಟೆಂಬುದನ್ನು ಪೈಪಿನ ಒಳ ಅಳತೆಯೇ ನಿರ್ಧರಿಸುತ್ತದೆ. ಮಾರುಕಟ್ಟೆಯಲ್ಲಿ ಸಿಗುವ, ಬಿಸಿನೀರಿಗೆ ಬಳಸುವ ಪ್ಲಾಸ್ಟಿಕ್ಕಿನ ಸಿಪಿವಿಸಿ ಪೈಪಿನ ದಪ್ಪ ಗೋಡೆಯ ದರ್ಜೆಯಲ್ಲಿ ಅರ್ಧ ಇಂಚಿನದು ಮೀಟರಿಗೆ ಸುಮಾರು 0.12 ಲೀಟರ್, ಮುಕ್ಕಾಲು ಇಂಚಿನದು 0.26 ಲೀಟರ್, ಒಂದು ಇಂಚಿನದು 0.43 ಲೀಟರ್ ನೀರು ಹಿಡಿಯುತ್ತದೆ. ತಾರಸಿಯ ಸೋಲಾರ್ ಟ್ಯಾಂಕಿನಿಂದ ಮನೆಯ ಇನ್ನೊಂದು ಬದಿಯ ಬಚ್ಚಲಿಗೆ 20 ಮೀಟರ್ ಪೈಪು ಓಡಿದೆ ಎನ್ನಿ. ಅರ್ಧ ಇಂಚಿನಲ್ಲಿ 2.4 ಲೀಟರ್, ಮುಕ್ಕಾಲು ಇಂಚಿನಲ್ಲಿ 5 ಲೀಟರಿನಷ್ಟು, ಒಂದು ಇಂಚಿನಲ್ಲಿ 8.6 ಲೀಟರ್. ಮಿಂದು ನಲ್ಲಿ ಮುಚ್ಚಿದ ಮೇಲೆ ಅಷ್ಟೇ ಪ್ರಮಾಣದ ಕಾದ ನೀರು ಪೈಪಿನಲ್ಲಿ ಉಳಿದು ಗೋಡೆಗೆ ಶಾಖ ಕೊಟ್ಟು ತಣಿಯುತ್ತದೆ. 60 ಡಿಗ್ರಿಯ 8.6 ಲೀಟರ್ ನೀರು 27 ಡಿಗ್ರಿಗೆ ಇಳಿಯುವಾಗ ಕಳೆದುಕೊಳ್ಳುವ ಶಾಖ 0.33 ಯೂನಿಟ್. ಮೇಲೆ ಹೇಳಿದ ಒಂದು ಬಾಲ್ದಿಯ ಲೆಕ್ಕದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ: ಒಬ್ಬರು ಮಿಂದಾಗ ಹೆಚ್ಚುಕಡಿಮೆ ಇನ್ನೊಬ್ಬರು ಮೀಯುವಷ್ಟು ಶಾಖ ಗೋಡೆಯ ಪಾಲಾಗಿರುತ್ತದೆ. ಗೀಸರಿನ ಮೇಲೆ ಎಷ್ಟು ನಕ್ಷತ್ರ ಅಂಟಿಸಿದ್ದರೂ ಈ ನಷ್ಟ ಅದರ ಲೆಕ್ಕಕ್ಕೆ ಬರುವುದೇ ಇಲ್ಲ.

ಹಾಗಿದ್ದರೂ ನಮ್ಮಲ್ಲಿ ಬಿಸಿನೀರಿಗೆ ಒಂದು ಇಂಚಿನ ಪೈಪು ಹಾಕುವ ವಾಡಿಕೆ ಬಲವಾಗಿದೆ. ನಮ್ಮ ಮನೆಯ ಬಚ್ಚಲು ಕಟ್ಟುವಾಗ ಪ್ಲಂಬರ್ ಹೇಳಿದ್ದೂ ಅದನ್ನೇ: “ಅಣ್ಣ, ಒಂದಿಂಚು ಹಾಕಿದ್ರೆ ಪ್ರೆಶರ್ ಚೆಂದ ಬರ್ತದೆ, ಮತ್ತೆ ನೀವು ನನ್ನನ್ನು ಬಯ್ಯಬಾರದಲ್ಲ.” ಅವರ ಆತಂಕದಲ್ಲಿ ಹುರುಳಿಲ್ಲದಿಲ್ಲ. ಮೇಲಿನ ಟ್ಯಾಂಕಿನಿಂದ ತಾನಾಗಿ ಇಳಿಯುವ ನೀರಿಗೆ ಒತ್ತಡ ಕಡಿಮೆ. ಟ್ಯಾಂಕಿನ ಮಟ್ಟ ಶವರಿಗಿಂತ ಮೂರು ಮೀಟರ್ ಮೇಲಿದ್ದರೆ ನಮ್ಮ ಕೈಯಲ್ಲಿರುವುದು ಆ ಮೂರು ಮೀಟರಿನ ಬಲ ಮಾತ್ರ. ನಿಮಿಷಕ್ಕೆ 6 ಲೀಟರಿನಂತೆ ಹರಿಯುವಾಗ ಅರ್ಧ ಇಂಚಿನ ಪೈಪು ಪ್ರತಿ ಮೀಟರಿಗೆ 7ರಿಂದ 8 ಸೆಂಟಿಮೀಟರ್ ಎತ್ತರವನ್ನು ಘರ್ಷಣೆಗೆ ತೆರುತ್ತದೆ. 20 ಮೀಟರಿಗೆ ಅದು ಒಂದೂವರೆ ಮೀಟರಿನಷ್ಟಾಗಿ, ಎಲ್ಬೋ ಮತ್ತು ವಾಲ್ವುಗಳ ಪಾಲೂ ಸೇರಿದರೆ ಶವರ್ ಸೊರಗುವುದು ಖಂಡಿತ. ಆದರೆ ಮುಕ್ಕಾಲು ಇಂಚಿನಲ್ಲಿ ಅದೇ ಹರಿವಿಗೆ ಆಗುವ ನಷ್ಟ ಮೀಟರಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಮಾತ್ರ, 20 ಮೀಟರಿಗೆ ಕಾಲು ಮೀಟರಿನ ಒಳಗೆ. ಒಂದು ಇಂಚು ಉಳಿಸಿಕೊಡುವುದು ಆ ಕಾಲು ಮೀಟರಿನಲ್ಲಿ ಒಂದು ಪಾಲನ್ನು. ಅದಕ್ಕಾಗಿ ಪ್ರತಿ ಸಲ 3.5 ಲೀಟರಿನಷ್ಟು ಹೆಚ್ಚು ಬಿಸಿನೀರನ್ನು ಗೋಡೆಯಲ್ಲಿ ಬಿಡುವುದು ಯಾವ ರೀತಿಯಿಂದಲೂ ಸರಿಯೆನಿಸುವುದಿಲ್ಲ. ಮುಖ್ಯ ಸಾಲಿಗೆ ಮುಕ್ಕಾಲು ಇಂಚು, ಅಲ್ಲಿಂದ ಒಂದೊಂದು ನಲ್ಲಿಗೆ ಹೋಗುವ ಕೊನೆಯ ಕೆಲವು ಮೀಟರಿಗೆ ಅರ್ಧ ಇಂಚು ಎಂದು ನಾನು ಪಟ್ಟು ಹಿಡಿದೆ. ಕೆಲಸ ಮುಗಿದು ನೀರು ಬಿಟ್ಟು ನೋಡಿದ ಮೇಲೆ ಪ್ಲಂಬರಿಗೂ ಒಪ್ಪಿಗೆಯಾಯಿತು.

ಪೈಪು ಯಾವುದರಿಂದ ಮಾಡಿದ್ದಾಗಬೇಕು ಎಂಬ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನಮ್ಮ ನೀರನ್ನು ತಿಳಿಯಬೇಕು. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ಜಿಲ್ಲೆಯ ಮುರಕಲ್ಲಿನ ನೆಲದಿಂದ ಸುಣ್ಣದಂಶವು ಯುಗಯುಗಗಳಿಂದ ತೊಳೆದುಹೋಗಿದೆ. ಮಣ್ಣಿನ ಮೂಲಕ ಇಳಿಯುವ ಮಳೆನೀರು ದಾರಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಳ್ಳುತ್ತದೆ, ಆದರೆ ಆ ಹುಳಿಯನ್ನು ತಣಿಸುವ ಸುಣ್ಣ ಅದಕ್ಕೆ ಸಿಗುವುದಿಲ್ಲ. ಹಾಗಾಗಿ ನಮ್ಮ ತೆರೆದ ಬಾವಿಗಳ ಮತ್ತು ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗಗಳ ನೀರು ಮೆದು, ರುಚಿಯಾದದ್ದು, ಆದರೆ ಸ್ವಲ್ಪ ಆಮ್ಲೀಯ. ಕುಡಿಯುವ ನೀರಿನ ಭಾರತೀಯ ಮಾನಕವು ಪಿಎಚ್ 6.5ರಿಂದ 8.5ರ ನಡುವೆ ಇರಬೇಕೆನ್ನುತ್ತದೆ. ಮುರಕಲ್ಲಿನ ಬಾವಿಗಳಲ್ಲಿ ಅದಕ್ಕಿಂತ ಕೆಳಗಿನ ಅಂಕಿ ಬರುವುದು ಅಪರೂಪವಲ್ಲ. ಬಾಯಾರು, ಪಡ್ರೆ ಕಡೆಯ ಹಿರಿಯರು ಗುಡ್ಡದ ಸುರಂಗದಿಂದ ಮನೆಯಂಗಳಕ್ಕೆ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ಹರಿಸುತ್ತಿದ್ದರು. ಮರದ ದಂಬೆಗೆ ಈ ಆಮ್ಲೀಯತೆಯಿಂದ ಬಾಧೆ ಇರಲಿಲ್ಲ. ಜಿಐ ಪೈಪಿಗೆ ಇದೆ. ಕಬ್ಬಿಣದ ಮೇಲಿನ ಸತುವಿನ ಲೇಪವನ್ನು ಇಂಥ ನೀರು ಮೆಲ್ಲಗೆ ಕರಗಿಸುತ್ತದೆ, ನೀರು ಬಿಸಿಯಾದಂತೆ ಈ ಕೆಲಸ ಚುರುಕಾಗುತ್ತದೆ, ಸತು ಮುಗಿದ ಮೇಲೆ ಕಬ್ಬಿಣದ ಸರದಿ. ಬೆಳಗ್ಗೆ ಬಿಸಿನೀರಿನ ನಲ್ಲಿ ತಿರುಗಿಸಿದಾಗ ಮೊದಲು ಬರುವ ಕೆಂಪು ನೀರು ಅದರ ಗುರುತು. ಒಳಗೆ ತುಕ್ಕು ಕಟ್ಟಿ ದಾರಿ ಕಿರಿದಾಗುತ್ತ ಹೋಗಿ, ಒಂದು ದಿನ ಜೋಡಣೆಯ ಥ್ರೆಡ್ಡಿನ ಕಡೆ ಹನಿಯಲು ಆರಂಭಿಸುತ್ತದೆ. ಕೆಂಪು ಪಟ್ಟಿಯ ಭಾರದ ದರ್ಜೆಯ ಪೈಪು ಹಾಕಿದರೆ ಆ ದಿನ ಕೆಲವು ವರ್ಷ ಮುಂದೆ ಹೋಗುತ್ತದೆ, ಅಷ್ಟೆ.

ತಾಮ್ರ ಶ್ರೇಷ್ಠವೆಂಬ ನಂಬಿಕೆ ಇದೆ. ಗಡಸು ನೀರಿನ ಊರುಗಳಲ್ಲಿ ಅದು ನಿಜವೂ ಹೌದು, ಏಕೆಂದರೆ ಅಲ್ಲಿ ಒಳಮೈಗೆ ತೆಳ್ಳಗಿನ ರಕ್ಷಣೆಯ ಪದರ ಕಟ್ಟುತ್ತದೆ. ನಮ್ಮ ಮೆದು ಆಮ್ಲೀಯ ನೀರಿನಲ್ಲಿ ಆ ಪದರ ನಿಲ್ಲುವುದಿಲ್ಲ, ಟೈಲ್ಸಿನ ಮೇಲೆ ನೀಲಿ ಹಸಿರು ಕಲೆ ಮೂಡತೊಡಗುತ್ತದೆ. ಇನ್ನೊಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಸೋಲಾರಿನ ತಾಮ್ರದ ಕೊಳವೆಗಳಿಂದ ಬಂದ ನೀರನ್ನು ಮನೆಯ ಹಳೆಯ ಜಿಐ ಸಾಲಿಗೆ ಸೇರಿಸಿದರೆ, ಕರಗಿಬಂದ ತಾಮ್ರದ ಕಣಗಳು ಸತುವಿನ ಮೇಲೆ ಕೂತು ಅಲ್ಲಲ್ಲಿ ತೂತು ಬೀಳಿಸುತ್ತವೆ. ನೀರು ಮೊದಲು ತಾಮ್ರವನ್ನು ದಾಟಿ ಆಮೇಲೆ ಜಿಐಗೆ ಸೇರುವ ಜೋಡಣೆ ಎಂದಿಗೂ ಬೇಡ.

ಹೀಗೆ ಉಳಿಯುವುದು ಪ್ಲಾಸ್ಟಿಕ್, ಅದರಲ್ಲಿ ನಮ್ಮ ಪೇಟೆಗಳಲ್ಲಿ ಸುಲಭವಾಗಿ ಸಿಗುವ ಮತ್ತು ಪ್ಲಂಬರುಗಳಿಗೆ ಕೈಗೂಡಿದ ಸಿಪಿವಿಸಿ. ಇದನ್ನೇ ನಾನು ಆರಿಸಿಕೊಂಡದ್ದು. ಬಿಳಿಯ ಯುಪಿವಿಸಿ ತಣ್ಣೀರಿನ ಪೈಪು. ಗೀಸರಿನ ಬಿಸಿಗೆ ಅದು ಮೆದುವಾಗಿ ಜೋಲುತ್ತದೆ. ಸಿಪಿವಿಸಿ ಕೆನೆಬಣ್ಣದ್ದು, 93 ಡಿಗ್ರಿಯವರೆಗಿನ ನೀರಿಗೆಂದು ಮಾಡಿದ್ದು. ಅದರ ಮೈಮೇಲೆ ಐಎಸ್ 15778 ಎಂಬ ಮಾನಕದ ಸಂಖ್ಯೆಯೂ ಎಸ್‌ಡಿಆರ್ 11 ಅಥವಾ 13.5 ಎಂಬ ಗುರುತೂ ಇರುತ್ತವೆ. ಈ ಅಂಕಿ ಕಡಿಮೆಯಾದಷ್ಟೂ ಪೈಪಿನ ಗೋಡೆ ದಪ್ಪ. ಬಿಸಿನೀರಿಗೆ 11ನ್ನೇ ಕೇಳಿ ತರಬೇಕು. ಅಂಟಿಸುವ ಸಾಲ್ವೆಂಟ್ ಸಿಮೆಂಟು ಕೂಡ ಸಿಪಿವಿಸಿಯದ್ದೇ ಆಗಿರಬೇಕು. ಯುಪಿವಿಸಿಗೆಂದು ತಂದ ಡಬ್ಬಿಯಲ್ಲಿ ಉಳಿದದ್ದನ್ನು ಬಳಸಿದರೆ ಬಿಸಿಗೆ ಕೀಲು ಬಿಡುತ್ತದೆ, ಮತ್ತು ಅದು ಬಿಡುವುದು ಟೈಲ್ಸ್ ಹಚ್ಚಿದ ಮೇಲೆ.

ಸಿಪಿವಿಸಿಯ ದೊಡ್ಡ ದೋಷ ಹಿಗ್ಗುವಿಕೆ. 10 ಮೀಟರಿನ ನೇರ ಸಾಲು 35 ಡಿಗ್ರಿಯಷ್ಟು ಬಿಸಿಯಾದರೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ಉದ್ದವಾಗುತ್ತದೆ. ಅದೇ ಉದ್ದದ ಜಿಐ ಪೈಪು ಹಿಗ್ಗುವುದು ನಾಲ್ಕು ಮಿಲಿಮೀಟರ್, ಪಿಪಿಆರ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ ಪೈಪಾದರೆ ಐದು ಸೆಂಟಿಮೀಟರ್. ತಾರಸಿಯ ಅಂಚಿನಲ್ಲಿ ಎರಡೂ ತುದಿ ಬಿಗಿದು ಓಡಿಸಿದ ಸಾಲು ಮಧ್ಯಾಹ್ನಕ್ಕೆ ಬಿಲ್ಲಿನಂತೆ ಬಾಗಿ ನಿಲ್ಲುವುದು ಇದರಿಂದಲೇ. ಉದ್ದದ ಸಾಲಿನ ನಡುವೆ ಒಂದು ಕಡೆ ನಾಲ್ಕು ಎಲ್ಬೋ ಹಾಕಿ ಚೌಕದ ತಿರುವು ಕೊಡಬೇಕು, ಕ್ಲಾಂಪುಗಳು ಪೈಪನ್ನು ಹಿಡಿದಿರಬೇಕೇ ಹೊರತು ಹಿಸುಕಬಾರದು. ಬಿಸಿಲಿಗೆ ತೆರೆದ ಭಾಗಕ್ಕೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಬಳಿಯಬೇಕು. ಥಿನ್ನರ್ ಬೆರೆಸಿದ ಬಣ್ಣ ಮತ್ತು ಪೆಟ್ರೋಲಿಯಂ ಗ್ರೀಸ್ ಈ ಪೈಪನ್ನು ಒಳಗೊಳಗೇ ಬಿರುಕು ಬಿಡಿಸುತ್ತವೆ. ಮತ್ತೊಂದು ಮಾತು: ಮನೆಯವರೆಲ್ಲ ನಾಲ್ಕು ದಿನ ನೆಂಟರಲ್ಲಿಗೆ ಹೋದಾಗ ಬೇಸಗೆಯ ಬಿಸಿಲಿಗೆ ಸೋಲಾರ್ ಟ್ಯಾಂಕಿನ ನೀರು ಕುದಿಯುವ ಮಟ್ಟದ ಹತ್ತಿರ ಹೋಗಬಲ್ಲದು. ಅದಕ್ಕಾಗಿ ಟ್ಯಾಂಕಿನಿಂದ ಹೊರಡುವ ಮೊದಲ ಒಂದೆರಡು ಮೀಟರನ್ನು ಲೋಹದಲ್ಲೇ ಮಾಡಿ, ಆಮೇಲೆ ಸಿಪಿವಿಸಿಗೆ ಸೇರಿಸುವುದು ಕ್ಷೇಮ.

ಸಿಪಿವಿಸಿ ಶಾಖವನ್ನು ಹೊರಬಿಡುವುದಿಲ್ಲ, ಅದಕ್ಕೆ ಹೊದಿಕೆ ಬೇಡ ಎಂದು ಅಂಗಡಿಯಲ್ಲಿ ಹೇಳುವುದನ್ನು ಕೇಳಿದ್ದೇನೆ. ಪ್ಲಾಸ್ಟಿಕ್ ತಾಮ್ರಕ್ಕಿಂತ ಎಷ್ಟೋ ಪಟ್ಟು ಮಂದ ವಾಹಕವೆಂಬುದು ನಿಜವಾದರೂ ಎರಡು ಮಿಲಿಮೀಟರ್ ದಪ್ಪದ ಗೋಡೆ ತಡೆಯುವುದು ಬಹಳ ಸ್ವಲ್ಪ. 60 ಡಿಗ್ರಿಯ ನೀರಿರುವ ಬರಿಮೈಯ ಮುಕ್ಕಾಲು ಇಂಚಿನ ಪೈಪು ನಿಂತ ಗಾಳಿಯಲ್ಲಿಯೂ ಮೀಟರಿಗೆ ಸುಮಾರು 20 ವ್ಯಾಟ್ ಶಾಖ ಬಿಡುತ್ತದೆ. ಮಳೆಗಾಳಿ ಬೀಸುವ ತಾರಸಿಯಲ್ಲಿ ಇನ್ನೂ ಹೆಚ್ಚು. ಅರ್ಧ ಇಂಚು ದಪ್ಪದ ಫೋಮಿನ ಕೊಳವೆ ಹೊದಿಸಿದರೆ ಅದು ಮೂರನೇ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಒಬ್ಬರ ಹಿಂದೆ ಒಬ್ಬರು ಮೀಯುವ ಮನೆಯಲ್ಲಿ ಈ ಹೊದಿಕೆಯಿಂದ ನಿಜವಾದ ಲಾಭವಿದೆ, ಏಕೆಂದರೆ ಅರ್ಧ ಗಂಟೆಯ ಮೇಲೂ ಪೈಪಿನ ನೀರು ಬಳಸುವಷ್ಟು ಬಿಸಿಯಾಗಿರುತ್ತದೆ. ಬೆಳಗ್ಗೆ ಒಬ್ಬರು, ಸಂಜೆ ಒಬ್ಬರು ಎಂದಾದರೆ ಯಾವ ಹೊದಿಕೆಯೂ ಆ ನೀರನ್ನು ಉಳಿಸುವುದಿಲ್ಲ. ಅಲ್ಲಿ ಪೈಪನ್ನು ಗಿಡ್ಡ ಮಾಡುವುದೊಂದೇ ದಾರಿ.

ಸೋಲಾರಿನ ಬಗ್ಗೆ ನನ್ನ ಅಭಿಪ್ರಾಯ ಒಳ್ಳೆಯದೇ. ದಿನಕ್ಕೆ 100 ಲೀಟರ್ ಕಾಯಿಸಲು ಎರಡು ಚದರ ಮೀಟರಿನ ಒಂದು ಚಪ್ಪಟೆ ಫಲಕ ಸಾಕು. ಸಂಜೆ ಮಿಂದು ದೀಪ ಹಚ್ಚುವ ಕ್ರಮವಿರುವ ನಮ್ಮ ಮನೆಗಳಿಗೆ ಅದು ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಹಗಲಿನ ಬಿಸಿಲನ್ನು ರಾತ್ರಿಯಿಡೀ ಕಾಪಾಡಬೇಕಾದ ಅಗತ್ಯವಿರುವುದಿಲ್ಲ. ಆದರೆ ಬಿಸಿನೀರು ಅತಿ ಹೆಚ್ಚು ಬೇಕೆನಿಸುವ ಜೂನಿನಿಂದ ಸೆಪ್ಟೆಂಬರಿನವರೆಗಿನ ಕಾಲದಲ್ಲೇ ಅದು ಕೈಕೊಡುತ್ತದೆ. ಆ ತಿಂಗಳುಗಳಿಗೆ ತೋಟದ ಮನೆಯಲ್ಲಿ ಗೆರಟೆ ಮತ್ತು ಅಡಿಕೆ ಸಿಪ್ಪೆಯ ಬಾಯ್ಲರಿಗಿಂತ ಒಳ್ಳೆಯ ಜೊತೆ ನನಗೆ ಕಾಣುವುದಿಲ್ಲ. ಎರಡನ್ನೂ ಒಂದೇ ಪೈಪಿಗೆ ಸೇರಿಸುವಾಗ ಒಂದರ ಬಿಸಿನೀರು ಇನ್ನೊಂದರೊಳಗೆ ಹಿಮ್ಮೆಟ್ಟದಂತೆ ಎರಡೂ ಕಡೆ ನಾನ್ ರಿಟರ್ನ್ ವಾಲ್ವ್ ಬೇಕು. ಅದಕ್ಕಿಂತ ಮುಖ್ಯವಾದದ್ದು, ಸೌದೆಯ ಬಾಯ್ಲರಿನ ತಲೆಯಿಂದ ಹೊರಟು ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲೆ ಆಕಾಶಕ್ಕೆ ತೆರೆದುಕೊಳ್ಳುವ ಗಾಳಿಕೊಳವೆ. ಬೆಂಕಿಗೆ ಸ್ವಿಚ್ ಇಲ್ಲ. ಒಂದು ಲೀಟರ್ ನೀರು ಆವಿಯಾದರೆ 1,600 ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಆ ಕೊಳವೆಗೆ ವಾಲ್ವ್ ಹಾಕುವುದು, ನೀರು ಚೆಲ್ಲುತ್ತದೆಂದು ತುದಿಗೆ ಕ್ಯಾಪ್ ಬಿಗಿಯುವುದು ಪ್ರಾಣಕ್ಕೆ ಎರವಾಗುವ ಕೆಲಸ.

ಗೀಸರಿನ ಬಗ್ಗೆ ಸ್ವಲ್ಪದರಲ್ಲೇ ಹೇಳಬಹುದು. ಮೂರು ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ನಮ್ಮ ನೀರನ್ನು 42 ಡಿಗ್ರಿಗೆ ಏರಿಸಿ ನಿಮಿಷಕ್ಕೆ ಮೂರು ಲೀಟರಿನ ಒಳಗೆ ಕೊಡಬಲ್ಲದು. ಬಚ್ಚಲಿನಲ್ಲೇ ಇದ್ದರೆ ಪೈಪಿನ ನಷ್ಟ ಇಲ್ಲವೆಂಬುದು ಅದರ ದೊಡ್ಡ ಗುಣ, ಬಾಲ್ದಿ ತುಂಬಲು ಏಳು ನಿಮಿಷ ಕಾಯಬೇಕೆಂಬುದು ಮಿತಿ. ಟ್ಯಾಂಕಿರುವ ಗೀಸರಿನ ನಕ್ಷತ್ರಗಳು ಹೇಳುವುದು ಸುಮ್ಮನೆ ನಿಂತಾಗ ಅದು ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂಬುದನ್ನು. ಬಳಸುವ ಅರ್ಧ ಗಂಟೆ ಮೊದಲು ಹಾಕಿ ಆಮೇಲೆ ಆರಿಸುವವರಿಗೆ ಅದು ದೊಡ್ಡ ವಿಷಯವಲ್ಲ. ನಮ್ಮ ಬೆಚ್ಚನೆಯ ತೇವದ ಗಾಳಿಗೆ ಹೀಟ್ ಪಂಪು ಬಹಳ ಚೆನ್ನಾಗಿ ಒಗ್ಗುತ್ತದೆ, ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ ಶಾಖ ಕೊಡುವುದು ಅದಕ್ಕೆ ಕಷ್ಟವಲ್ಲ. ಬೆಲೆ ಇಳಿದರೆ ಹೋಮ್‌ಸ್ಟೇ ನಡೆಸುವವರು ಖಂಡಿತ ಯೋಚಿಸಬೇಕು. ಗ್ಯಾಸ್ ಗೀಸರನ್ನು ಮಾತ್ರ ಮುಚ್ಚಿದ ಬಚ್ಚಲಿನೊಳಗೆ ಯಾವ ಕಾರಣಕ್ಕೂ ಹಾಕಬಾರದು. ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮೀಯುತ್ತಿರುವವರಿಗೆ ಎಚ್ಚರಿಕೆಯೇ ಸಿಗುವುದಿಲ್ಲ.

ಮನೆಯ ನಕ್ಷೆ ಇನ್ನೂ ಕಾಗದದಲ್ಲಿರುವವರಿಗೆ ನಾನು ಹೇಳುವುದು, ಬಚ್ಚಲುಗಳನ್ನು ಬೆನ್ನಿಗೆ ಬೆನ್ನು ಇಡಿ, ಸಾಧ್ಯವಾದರೆ ಅಡುಗೆಮನೆಯ ತೊಳೆಯುವ ಜಾಗವೂ ಅದೇ ಗೋಡೆಗೆ ಬರಲಿ, ಸೋಲಾರ್ ಟ್ಯಾಂಕು ನೇರ ಅದರ ಮೇಲೆ ಕೂರಲಿ. 20 ಮೀಟರಿನ ಸಾಲು ಆರು ಮೀಟರಿಗೆ ಇಳಿದರೆ ಪೈಪು, ಫೋಮು, ನೀರು, ಶಾಖ ಎಲ್ಲವೂ ಮೂರನೇ ಒಂದು ಪಾಲಿಗೆ ಇಳಿಯುತ್ತವೆ. ಗೋಡೆಗೆ ಗಾರೆ ಬಳಿಯುವ ಮೊದಲು ಸಾಲನ್ನು ನೀರು ತುಂಬಿ ಪರೀಕ್ಷಿಸಲೇಬೇಕು, ಏಕೆಂದರೆ ರಂಧ್ರಗಳಿಂದ ತುಂಬಿದ ಮುರಕಲ್ಲು ಸಣ್ಣ ಸೋರಿಕೆಯನ್ನು ತಿಂಗಳುಗಟ್ಟಲೆ ಹೀರಿಕೊಂಡು, ಆಮೇಲೆ ಯಾವುದೋ ಬೇರೆ ಕೋಣೆಯಲ್ಲಿ ತೇವ ತೋರಿಸುತ್ತದೆ. ಅಂಟು ಪೂರ್ತಿ ಒಣಗಲು ಬಿಟ್ಟು, ಒಳಗಿನ ಗಾಳಿಯನ್ನೆಲ್ಲ ಹೊರಬಿಟ್ಟು, ಕೈಪಂಪಿನಿಂದ ಬಳಕೆಯ ಒತ್ತಡದ ಒಂದೂವರೆ ಪಟ್ಟಾದರೂ ಏರಿಸಿ, ಒತ್ತಡ ಮಾಪಕದ ಮುಳ್ಳು ಇಳಿಯುತ್ತದೆಯೇ ಎಂದು ಕೆಲವು ಗಂಟೆ ನೋಡಬೇಕು. ಗಾಳಿ ತುಂಬಿ ಪರೀಕ್ಷಿಸಲು ಬಿಡಬಾರದು. ಪ್ಲಾಸ್ಟಿಕ್ ಪೈಪು ಗಾಳಿಯ ಒತ್ತಡಕ್ಕೆ ಒಡೆದರೆ ಚೂರುಗಳು ಸಿಡಿಯುತ್ತವೆ. ಪರೀಕ್ಷೆ ಮುಗಿದ ಮೇಲೆ ಪ್ರತಿಯೊಂದು ಗೋಡೆಗೂ ಅಳತೆಯ ಟೇಪು ಹಿಡಿದು, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಎಂಬುದು ಕಾಣುವಂತೆ ಫೋಟೊ ತೆಗೆದು ಮನೆಯ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಿ. ಪರೀಕ್ಷೆಯ ಪಂಪು ಪ್ಲಂಬರನ ಬಳಿ ಇಲ್ಲದಿದ್ದರೆ ಬಾಡಿಗೆಗೆ ತರಲು ಹೇಳಿ, ಅದರ ಖರ್ಚನ್ನು ಕೂಲಿ ಗೊತ್ತುಮಾಡುವಾಗಲೇ ಮಾತಾಡಿಕೊಳ್ಳಿ.